ಹಬ್: ಕೈಯಲ್ಲಿ ತಿರುಗಿಸೋದೋ, ಆಟೋಮ್ಯಾಟಿಕ್ಕೋ?

ಪ್ರಶ್ನೆ: ಹಳೇ ಫೋರ್ ವೀಲ್ ಡ್ರೈವ್ ಜೀಪಿನ ಮುಂದಿನ ಹಬ್ (ಮುಂದಿನ ಚಕ್ರವನ್ನ ಆಕ್ಸಲ್‌ಗೆ ಜೋಡಿಸೋ, ಬಿಡಿಸೋ ಭಾಗ) ಬದಲಿಸಬೇಕು. ಮ್ಯಾನುಯಲ್ಲೋ, ಆಟೋಮ್ಯಾಟಿಕ್ಕೋ? ಮಳೆಗಾಲದಲ್ಲೂ ಕಬ್ಬಿನ ಗದ್ದೆಗೆ ಹೋಗಬೇಕು.
– ಓದುಗರೊಬ್ಬರು, ಮದ್ದೂರು

ಉತ್ತರ: ಮ್ಯಾನುಯಲ್ಲೇ ಹಾಕಿಸಿ. ಒಳಗೆ ಭಾಗಗಳು ಕಡಿಮೆ, ಬಿಚ್ಚಿ ಗ್ರೀಸ್ ಹಚ್ಚೋದು ಸುಲಭ. ಆಟೋಮ್ಯಾಟಿಕ್‌ನಲ್ಲಿ ಗಾಡಿಯಿಂದ ಇಳಿದು ಹಬ್ ತಿರುಗಿಸೋ ಕಷ್ಟವಿಲ್ಲ, ನಿಜ. ಆದರೆ ಹಲವು ಮಾದರಿಗಳು ಗಾಡಿ ಹಿಂದೆ ಮುಂದೆ ಆಡಿಸುವಾಗ ಒಂದು ಕ್ಷಣ ಹಿಡಿತ ಬಿಟ್ಟು ಮತ್ತೆ ಹಿಡಿಯುತ್ತವೆ. ಕೆಸರಲ್ಲಿ ಹೂತಾಗ ಮಾಡೋದೇ ಅದು, ಅಲ್ವಾ?

ಹೋದ ಮಳೆಗಾಲ ಮಂಡ್ಯದ ಹತ್ತಿರ ನಾಲೆ ಏರಿ ಪಕ್ಕ ನಾನೇ ಸಿಕ್ಕಿಕೊಂಡೆ. ಹಬ್ ಮೇಲೆ ಎರಡು ಬೆರಳು ದಪ್ಪ ಕೆಸರು. ಟವೆಲ್‌ನಿಂದ ಒರೆಸಿ, ಮೊಬೈಲ್ ಬೆಳಕಲ್ಲಿ ಲಾಕ್ ಗುರುತು ಹುಡುಕಿ ತಿರುಗಿಸುವಷ್ಟರಲ್ಲಿ ಸಾಕಾಯಿತು. ಅದಕ್ಕೇ ಹೇಳ್ತೀನಿ, ಗದ್ದೆಗೆ ಇಳಿಯೋ ಮುಂಚೆಯೇ ಮುಂದಿನ ಎರಡೂ ಚಕ್ರದ ಹಬ್ ಲಾಕ್ ಮಾಡಿ. ಡಾಂಬರು ರಸ್ತೆಗೆ ಬಂದ ತಕ್ಷಣ ಫೋರ್ ವೀಲ್ ಡ್ರೈವ್ ತೆಗೆಯಿರಿ.