ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲಿಸಿದರೆ ಸಮುದ್ರದ ಮೀನು ನಿಜವಾಗಿ ಉಳಿಯುತ್ತದೆಯೇ?

ಉಳಿಯುತ್ತದೆ, ಆದರೆ ರಜೆಯೊಂದರಿಂದಲೇ ಅಲ್ಲ. ಸಮುದ್ರದಡಿಯ ತೈಲ, ಅನಿಲ ತೆಗೆದಷ್ಟೂ ಖಾಲಿ. ಮೀನು ಹಾಗಲ್ಲ, ಮರಿ ಮಾಡಿ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೆ ಒಂದೇ ಷರತ್ತು: ಹಿಡಿಯುವ ಮೊದಲು ಅದು ಒಮ್ಮೆಯಾದರೂ ಮೊಟ್ಟೆ ಇಟ್ಟಿರಬೇಕು.

ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ ನಿಷೇಧ. ಮುಂಗಾರಿನಲ್ಲಿ ಆಳದ ತಂಪು ನೀರು ಪೋಷಕಾಂಶ ಹೊತ್ತು ಮೇಲೇರುತ್ತದೆ, ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿಯಂಥ (ಸಾರ್ಡೀನ್) ಮೀನು ಮೊಟ್ಟೆ ಇಡುವುದೂ ಆಗಲೇ, ಮರಿಗಳಿಗೆ ಆಹಾರ ಸಿದ್ಧವಿರುತ್ತದೆ.

ಎಡವಟ್ಟಾಗುವುದು ಆಗಸ್ಟ್ ನಂತರ. ಮರಿಗಳು ಇನ್ನೂ ಬೆರಳುದ್ದ ಇರುವಾಗಲೇ ಬಲೆಗೆ ಬಿದ್ದು ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆ ಸೇರಿದರೆ ಎರಡು ತಿಂಗಳ ರಜೆ ವ್ಯರ್ಥ. ಆದ್ದರಿಂದ ಬಲೆಯ ಕಣ್ಣು ಮುಖ್ಯ. ದೋಣಿ ಎಳೆದೊಯ್ಯುವ ಟ್ರಾಲ್ ಬಲೆಯ ತುದಿಯ ಚೀಲಕ್ಕೆ 35 ಮಿಲಿಮೀಟರ್‌ನ ಚೌಕ ಕಣ್ಣು ಇರಬೇಕು ಎನ್ನುವುದು ಇದಕ್ಕೇ. ವಜ್ರಾಕಾರದ ಕಣ್ಣು ಭಾರಕ್ಕೆ ಎಳೆದುಕೊಂಡು ಮುಚ್ಚಿಹೋಗುತ್ತದೆ. ಚೌಕದ್ದು ತೆರೆದೇ ಇದ್ದು ಮರಿಗಳು ನುಸುಳಿಹೋಗುತ್ತವೆ. ಹಿಡಿಯಬಹುದಾದ ಕನಿಷ್ಠ ಉದ್ದ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14.

ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದನ್ನೂ ಎರಡು ದೋಣಿ ಸೇರಿ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ 2017ರಲ್ಲೇ ನಿಷೇಧಿಸಿದೆ. ಈ ನಿಯಮಗಳ ಪಾಲನೆಯನ್ನು ನಡುಸಮುದ್ರದಲ್ಲಿ ಪರಿಶೀಲಿಸುವುದು ಕಷ್ಟ. ಬಂದರಿನಲ್ಲಿ ಮೀನು ಇಳಿಸುವಾಗ ಉದ್ದ ಅಳೆಯುವುದು ಸುಲಭ, ಅಗ್ಗ.