ಹಲ್ಲಿನೊಳಗೆ ಹುಳ ಇದೆ ಎಂದು ನಂಬಿದ ಹುಡುಗಿ

"ಕಚ್ಚಿಬಿಟ್ಳು ಮೇಡಂ. ಡಾಕ್ಟರ ಬೆರಳನ್ನೇ ಕಚ್ಚಿಬಿಟ್ಳು."

ತಾಯಿ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದ ಮಾತು ಇದು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮಕ್ಕಳ ಆಪ್ತಸಲಹೆ ನಡೆಸುವ ನನ್ನ ಪುಟ್ಟ ಕೋಣೆಗೆ ಅವತ್ತು ನಾಲ್ಕು ಜನ ಬಂದಿದ್ದರು. ತಾಯಿ, ಅವರ ತೊಡೆಯ ಮೇಲೆ ಹನ್ನೊಂದು ತಿಂಗಳ ಗಂಡುಮಗು, ಕುಂದಾಪುರದ ಕಡೆಯಿಂದ ಬಾಣಂತನಕ್ಕೆಂದು ಬಂದು ಇಲ್ಲೇ ಉಳಿದ ಅಜ್ಜಿ, ಮತ್ತೆ ಬಾಯಿ ಬಿಗಿ ಹಿಡಿದು ನಿಂತ ಐದೂವರೆ ವರ್ಷದ ಹುಡುಗಿ. ಅವಳನ್ನು ಇಲ್ಲಿ ಚಿನ್ನು ಎಂದು ಕರೆಯುತ್ತೇನೆ. ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಸಮಸ್ಯೆ ಹೀಗಿತ್ತು. ನಾಲ್ಕು ತಿಂಗಳಿಂದ ಚಿನ್ನು ಹಲ್ಲುಜ್ಜಲು ಬಿಡುತ್ತಿಲ್ಲ. ಬ್ರಷ್ ಕಂಡರೆ ಓಡುತ್ತಾಳೆ. ಬಲಗಡೆಯ ದವಡೆ ಹಲ್ಲಿನಲ್ಲಿ ಕಪ್ಪು ಕಾಣಿಸಿದ್ದಕ್ಕೆ ದಂತವೈದ್ಯರ ಬಳಿ ಕರೆದುಕೊಂಡು ಹೋದರು. ಅಲ್ಲಿ ಮೂವರು ಸೇರಿ ಕೈಕಾಲು ಹಿಡಿದರು. ಆಮೇಲೆ ಆಗಿದ್ದು ಮೇಲಿನ ಮಾತು.

"ತಮ್ಮ ಹುಟ್ಟಿದ ಮೇಲೆ ಶುರು ಆದ ಹಠ," ಎಂದರು ತಾಯಿ. ನಾನೂ ತಲೆಯಾಡಿಸಿದೆ. ಸುಲಭದ ಉತ್ತರ ಅಲ್ವಾ? ಮೊದಲ ದಿನದ ನನ್ನ ಟಿಪ್ಪಣಿಯಲ್ಲಿ 'ತಮ್ಮನ ಮೇಲಿನ ಹೊಟ್ಟೆಕಿಚ್ಚು, ಗಮನ ಸೆಳೆಯುವ ಆಸೆ' ಎಂದು ಬರೆದಿದೆ. ಅದರ ಕೆಳಗೆ ಗೆರೆ ಕೂಡ ಎಳೆದಿದ್ದೇನೆ. ಅದು ತಪ್ಪಾಗಿತ್ತು.

ಆ ದಿನ ಒಂದೇ ಒಂದು ಮಾತನ್ನು ಒತ್ತಿ ಹೇಳಿ ಕಳಿಸಿದೆ. ನಾನು ಹಲ್ಲಿನ ಡಾಕ್ಟರ್ ಅಲ್ಲ. ಮುಖ ಊದಿದರೆ, ಜ್ವರ ಬಂದರೆ, ನೋವಿನಿಂದ ರಾತ್ರಿ ಎದ್ದು ಅತ್ತರೆ ನನ್ನ ಮುಂದಿನ ಭೇಟಿಗೆ ಕಾಯಬೇಡಿ, ಅವತ್ತೇ ಹೋಗಿ.

ಎರಡನೇ ಸಲ ಚಿನ್ನು ಜೊತೆ ನಾನೊಬ್ಬಳೇ ಕೂತೆ. ಬಣ್ಣದ ಪೆನ್ಸಿಲ್ ಕೊಟ್ಟು "ನಿನ್ನ ಬಾಯಿ ಬರಿ ನೋಡೋಣ" ಎಂದೆ. ದೊಡ್ಡ ಕೆಂಪು ವೃತ್ತ ಬಂತು. ಒಳಗೆ ಚೌಕ ಚೌಕ ಹಲ್ಲು. ಒಂದು ಹಲ್ಲಿಗೆ ಕಪ್ಪು ಬಳಿದಳು. ಆಮೇಲೆ ಅದರೊಳಗೆ ಏನನ್ನೋ ಬರೆಯತೊಡಗಿದಳು. ತುಂಬಾ ಹೊತ್ತು ಬರೆದಳು. ಕಾಲುಗಳು. ಎಣಿಸಿದೆ, ಹದಿನಾಲ್ಕು ಕಾಲು. ಎರಡು ಮೀಸೆ.

"ಇದ್ಯಾರು?"

"ಹುಳ."

"ಎಲ್ಲಿದೆ ಅದು?"

ಬೆರಳಿನಿಂದ ಬಲಗೆನ್ನೆ ಮುಟ್ಟಿಕೊಂಡಳು. ನಂತರ ಪಿಸುಮಾತಿನಲ್ಲಿ ಹೇಳಿದಳು: "ಬ್ರಷ್ ಮಾಡಿದ್ರೆ ಅದಕ್ಕೆ ಸಿಟ್ಟು ಬರತ್ತೆ. ಕಚ್ಚತ್ತೆ. ಬಾಯಿ ತೆಗೆದ್ರೆ ಕೆಳಗೆ ಹೊಟ್ಟೆಗೆ ಬೀಳತ್ತೆ."

ಹುಡುಗಿ ತರ್ಕದಲ್ಲಿ ಎಲ್ಲೂ ತಪ್ಪಿಲ್ಲ ನೋಡಿ. ತೂತಾದ ಹಲ್ಲಿಗೆ ಬ್ರಷ್ ತಾಗಿದರೆ ಚುಳ್ ಎನ್ನುತ್ತದೆ. ಒಳಗೆ ಹುಳ ಇದೆ ಎಂದು ದೊಡ್ಡವರೇ ಹೇಳಿದ್ದಾರೆ. ಹಾಗಾದರೆ ಚುಳ್ ಎಂದಿದ್ದು ಹುಳ ಕಚ್ಚಿದ್ದಕ್ಕೇ. ಡಾಕ್ಟರು ಇಕ್ಕಳ ಹಿಡಿದು ಬಂದಿದ್ದು ಹುಳ ಎಳೆಯುವುದಕ್ಕೇ. ಅಷ್ಟು ಕಾಲಿನ ಹುಳ ಸುಮ್ನೆ ಬರುತ್ತದೆಯೇ?

ಹೇಳಿದ್ದು ಯಾರು? ಎಲ್ಲರೂ. ಮನೆಯಲ್ಲಿ ಅಜ್ಜಿ "ಹುಳುಕು ಹಲ್ಲು, ಹುಳ ತಿಂದಿದೆ" ಎಂದಿದ್ದರು. ಎದುರುಮನೆಯ ಮರಾಠಿ ಕಾಕು ಬಾಯಿ ನೋಡಿ "ದಾತಾಲಾ ಕೀಡ್ ಲಾಗ್ಲೀ" ಎಂದಿದ್ದರು. ಕೀಡ್ ಅಂದರೂ ಹುಳವೇ. ಮಗುವಿಗೆ ಎರಡೂ ಭಾಷೆ ಚೆನ್ನಾಗಿ ಬರುತ್ತದೆ. ಎರಡು ಭಾಷೆಯವರೂ ಒಂದೇ ಸಾಕ್ಷಿ ಹೇಳಿದ ಮೇಲೆ ಅನುಮಾನ ಎಲ್ಲಿಂದ ಬರಬೇಕು! ನಮಗೆ ಹುಳುಕು ಎನ್ನುವಾಗ ಹುಳ ಕಣ್ಣಿಗೆ ಬರುವುದಿಲ್ಲ. ಮಗುವಿಗೆ ಬರುತ್ತದೆ.

ಮೂರನೇ ಭೇಟಿಗೆ ಚಿನ್ನುವನ್ನು ತರಬೇಡಿ ಎಂದೆ. ದೊಡ್ಡವರು ಮಾತ್ರ ಬಂದರು. ಚಿತ್ರ ತೋರಿಸಿದೆ. ಅಜ್ಜಿ ಕನ್ನಡಕ ಏರಿಸಿ ನೋಡಿದರು. "ಹುಳ ಇಲ್ದೆ ಮತ್ತೆಂತ? ನಾನೇ ಕಂಡಿದ್ದೇನಲ್ಲ!" ಎಂದರು. ಅವರ ಸಣ್ಣ ವಯಸ್ಸಿನಲ್ಲಿ ಊರಲ್ಲೊಬ್ಬರು ನೆಲಗುಳ್ಳದ ಬೀಜದ ಹೊಗೆ ಹಾಕಿ ಹಲ್ಲಿನ ಹುಳ ಬೀಳಿಸುತ್ತಿದ್ದರಂತೆ. ನೀರಿನ ತಟ್ಟೆಯಲ್ಲಿ ಬಿಳಿ ಎಳೆಗಳು ಬೀಳುತ್ತಿದ್ದವಂತೆ. ಅವರು ಕಂಡಿದ್ದು ಸುಳ್ಳಲ್ಲ. ಆದರೆ ಅದು ಹುಳವಲ್ಲ, ಬಿಸಿಗೆ ಒಡೆದ ಬೀಜದ ಒಳಗಿನ ಬಿಳಿ ತಿರುಳು. ಅಜ್ಜಿಯೊಬ್ಬರೇ ಹೀಗೆ ನಂಬಿದ್ದಲ್ಲ. ಹಲ್ಲಿನ ಹುಳದ ಕಥೆ ಬ್ಯಾಬಿಲೋನಿನ ಕಾಲದಿಂದಲೂ ಇದೆ. ಫ್ರಾನ್ಸಿನ ಪಿಯೆರ್ ಫೋಶಾರ್ ಎಂಬ ದಂತವೈದ್ಯ ಸೂಕ್ಷ್ಮದರ್ಶಕದಲ್ಲಿ ಹುಡುಕಿ, ಹುಳ ಕಾಣಲಿಲ್ಲ ಎಂದು 1728ರಲ್ಲಿ ಬರೆದ. ನಿಜವಾಗಿ ಆಗುವುದು ಇಷ್ಟು. ಬಾಯಲ್ಲಿರುವ ಬ್ಯಾಕ್ಟೀರಿಯಾ ನಾವು ತಿಂದ ಸಕ್ಕರೆಯನ್ನು ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಗಟ್ಟಿ ಪದರವನ್ನು ಕರಗಿಸುತ್ತದೆ. ಅಲ್ಲೊಂದು ಹೊಂಡ ಬೀಳುತ್ತದೆ.

ಹೊಂಡ! ಈ ಮಾತೇ ನಮಗೆ ದಾರಿ ತೋರಿಸಿತು. ಕಲ್ಯಾಣ-ಶೀಲ್ ರಸ್ತೆಯ ಕಡೆ ಓಡಾಡುವ ಮಗುವಿಗೆ ಹೊಂಡ ಅಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಅವತ್ತಿನಿಂದ ಮನೆಯಲ್ಲಿ 'ಹುಳ', 'ಹುಳುಕು', 'ಕೀಡ್' ಮೂರೂ ಬಂದ್. 'ಹಲ್ಲಿನಲ್ಲಿ ಹೊಂಡ ಬಿದ್ದಿದೆ, ಡಾಕ್ಟರ್ ಮುಚ್ಚುತ್ತಾರೆ', ಇಷ್ಟೇ ಮಾತು. ಎದುರುಮನೆಯ ಕಾಕುಗೂ ಹೇಳಿಬನ್ನಿ ಎಂದೆ. ಚಿನ್ನುಗೆ ನಾನೇ ಈ ವಿಷಯ ಹೇಳಿದಾಗ ಅವಳು ಸ್ವಲ್ಪ ಯೋಚಿಸಿ, "ಮಳೆ ಬಂದ್ರೆ ಹೊಂಡ ಮತ್ತೆ ಬೀಳತ್ತಲ್ಲ?" ಎಂದಳು. ಮುಂಬೈ ಕಡೆಯ ಮಗು! ಅದಕ್ಕೇ ದಿನಾ ಬ್ರಷ್ ಮಾಡುವುದು ಎಂದೆ. ಇಷ್ಟು ಒಳ್ಳೆಯ ಪ್ರಶ್ನೆ ನನಗೆ ತರಬೇತಿಯಲ್ಲೂ ಯಾರೂ ಕೇಳಿರಲಿಲ್ಲ.

ಇನ್ನು ದೊಡ್ಡವರ ನಾಲಿಗೆಯ ವಿಷಯ. ಊಟ ಮಾಡದಿದ್ದರೆ "ಡಾಕ್ಟರ್ ಹತ್ರ ಹೋಗಿ ಹಲ್ಲು ಕೀಳಿಸ್ತೇನೆ" ಎಂದು ಹೆದರಿಸುವುದು ಆ ಮನೆಯಲ್ಲಿ ದಿನದ ಮಾತು. ಅದನ್ನು ಅವತ್ತೇ ನಿಲ್ಲಿಸಿ ಎಂದೆ. 'ಏನೂ ನೋವಾಗಲ್ಲ' ಎಂಬ ಮಾತನ್ನೂ ಬಿಡಿ ಎಂದೆ. ತಾಯಿಗೆ ಆಶ್ಚರ್ಯ. ಆದರೆ ನೋಡಿ, ನೋವು ಎನ್ನುವ ಪದವನ್ನು ನಾವೇ ತಂದು ಮಗುವಿನ ತಲೆಯಲ್ಲಿ ಇಡುತ್ತೇವೆ. ಮತ್ತೆ ಚೂರು ನೋವಾದರೂ ನಾವು ಸುಳ್ಳುಗಾರರು. 'ಡಾಕ್ಟರ್ ಮೊದಲು ಎಣಿಸ್ತಾರೆ, ಆಮೇಲೆ ಏನು ಮಾಡ್ತಾರೋ ಅವರೇ ತೋರಿಸ್ತಾರೆ, ಬೇಡ ಅನ್ನಿಸಿದ್ರೆ ಕೈ ಎತ್ತು' ಎಂದರೆ ಸಾಕು. ಚಾಕೊಲೇಟ್ ಲಂಚವೂ ಬೇಡ. ಹಲ್ಲಿನ ಡಾಕ್ಟರ ಬಳಿ ಹೋಗಿದ್ದಕ್ಕೆ ಚಾಕೊಲೇಟ್ ಕೊಡುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ಹೀಗೆ ಮಾತಾಡುವಾಗ ತಾಯಿ ತಮ್ಮ ಕಥೆ ಹೇಳಿದರು. ಶಾಲೆಯಲ್ಲಿ ಶಿಬಿರ ನಡೆದಾಗ ಮರಗಟ್ಟುವ ಮೊದಲೇ ಅವರ ಹಲ್ಲು ಕಿತ್ತಿದ್ದರಂತೆ. ಆಸ್ಪತ್ರೆಯ ವಾಸನೆ ಬಂದರೆ ಈಗಲೂ ಕೈ ತಣ್ಣಗಾಗುತ್ತದಂತೆ. ಅವತ್ತು ಚಿನ್ನುವಿನ ಕೈ ಹಿಡಿದ ಮೂವರಲ್ಲಿ ಅವರೂ ಒಬ್ಬರು. ಹಿಡಿದ ಕೈ ನಡುಗಿದರೆ ಮಗುವಿಗೆ ಗೊತ್ತಾಗದೇ ಇರುತ್ತದೆಯೇ? ಮುಂದಿನ ಸಲ ನೀವು ಹೊರಗೆ ಕೂತುಕೊಳ್ಳಿ, ಅಜ್ಜಿ ಒಳಗೆ ಹೋಗಲಿ ಎಂದೆ. ಅವರ ಮುಖದಲ್ಲಿ ಬಂದ ಸಮಾಧಾನ ನೋಡಬೇಕಿತ್ತು.

ಹಲ್ಲುಜ್ಜುವ ಕೆಲಸವನ್ನು ಅಪ್ಪನಿಗೆ ವಹಿಸಿದೆವು. ಕಾರಣ ದೊಡ್ಡದಲ್ಲ. ಹಿಡಿದ ಮೂವರಲ್ಲಿ ಅವರು ಇರಲಿಲ್ಲ. ದಾದರಿನಲ್ಲಿ ಕೆಲಸ, ರಾತ್ರಿ ಒಂಬತ್ತಕ್ಕೆ ಮನೆ. ಬೆಳಗ್ಗಿನದಕ್ಕಿಂತ ರಾತ್ರಿಯ ಬ್ರಷ್ ಮುಖ್ಯ, ಯಾಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಲ್ಲು ತೊಳೆಯುವವರು ಯಾರೂ ಇರುವುದಿಲ್ಲ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು. ಮಗುವಿನ ಕೈಗೆ ಬ್ರಷ್ ಕೊಟ್ಟು 'ಸ್ವತಂತ್ರಳಾಗಲಿ' ಎಂದು ಬಿಟ್ಟರೆ ಮುಂದಿನ ನಾಲ್ಕು ಹಲ್ಲಿಗೆ ಮಾತ್ರ ಸ್ವಾತಂತ್ರ್ಯ ಸಿಗುತ್ತದೆ. ಮಂಚದ ಮೇಲೆ ಮಲಗಿಸಿ, ತಲೆಯನ್ನು ಅಪ್ಪನ ತೊಡೆಯ ಮೇಲಿಟ್ಟುಕೊಂಡು ಉಜ್ಜುವುದು. ಆಗ ಒಳಗೆಲ್ಲ ಕಾಣುತ್ತದೆ. ಫ್ಲೋರೈಡ್ ಇರುವ ಪೇಸ್ಟ್, ಬಟಾಣಿ ಕಾಳಿನಷ್ಟು. ನೊರೆ ಉಗುಳಿದರೆ ಸಾಕು, ನೀರು ಹಾಕಿ ಮುಕ್ಕಳಿಸಬೇಕಿಲ್ಲ. ಮುಕ್ಕಳಿಸಿದರೆ ಫ್ಲೋರೈಡೆಲ್ಲ ಬಚ್ಚಲಿಗೆ. ನೋವಿದ್ದ ಕಡೆ ಮೃದುವಾದ ಬ್ರಷ್ಷಿನಿಂದ ಸುಮ್ನೆ ಸವರಿದರೂ ಆಯಿತು ಎಂದೆ.

ಎರಡು ನಿಮಿಷ ಹೇಗೆ ಕಳೆಯುವುದು? ಇದು ಅಪ್ಪನದೇ ತಲೆ. ಬಾಯಿಯನ್ನು ಆರು ಭಾಗ ಮಾಡಿದರು. ಮೇಲೆ ಬಲ, ನಡು, ಎಡ. ಕೆಳಗೆ ಎಡ, ನಡು, ಬಲ. ಡೊಂಬಿವಲಿಯಿಂದ ಠಾಣೆಗೆ, ಎಲ್ಲ ಕಡೆ ನಿಲ್ಲುವ ಸ್ಲೋ ಲೋಕಲ್ ರೈಲಿನಲ್ಲಿ ಲೆಕ್ಕ ಹಾಕಿದರೆ ಸರಿಯಾಗಿ ಆರು ಸ್ಟೇಷನ್: ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ, ಕಳ್ವಾ, ಠಾಣೆ. ಒಂದೊಂದರಲ್ಲಿ ಇಪ್ಪತ್ತು ಎಣಿಸುವವರೆಗೆ ಗಾಡಿ ನಿಲ್ಲುತ್ತದೆ. "ಪುಢೀಲ್ ಸ್ಟೇಷನ್, ದಿವಾ" (ಮುಂದಿನ ಸ್ಟೇಷನ್ ದಿವಾ) ಎಂದು ಅಪ್ಪ ಮೂಗಿನಲ್ಲಿ ಹೇಳಿದರೆ ಚಿನ್ನು ನಗಬೇಕು, ನಕ್ಕರೆ ಬಾಯಿ ತೆರೆಯಬೇಕು. ನೋವಿನ ಹಲ್ಲು ಠಾಣೆಯಲ್ಲಿತ್ತು. ಮೊದಲ ವಾರ ಗಾಡಿ ಕಳ್ವಾದಲ್ಲೇ ಕೆಟ್ಟು ನಿಂತಿತು. ನಿಲ್ಲಲಿ ಬಿಡಿ ಎಂದೆ.

ತಿನ್ನುವ ವಿಷಯದಲ್ಲಿ ಅಜ್ಜಿಗೂ ನನಗೂ ಸಣ್ಣ ಜಗಳವೇ ಆಯಿತು. ಸಿಹಿ ಬಿಡಿಸಿ ಎಂದು ನಾನು ಹೇಳಲಿಲ್ಲ. ಎಷ್ಟು ಎನ್ನುವುದಕ್ಕಿಂತ ಎಷ್ಟು ಸಲ ಎನ್ನುವುದು ಜಾಸ್ತಿ ಮುಖ್ಯ. ಒಂದು ಸಲ ಸಿಹಿ ತಿಂದರೆ ಆಮ್ಲದ ಕಾಟ ಅರ್ಧ ಗಂಟೆಯಾದರೂ ಇರುತ್ತದೆ. ಚಹಾದಲ್ಲಿ ಅದ್ದಿದ ಬಿಸ್ಕತ್ತು, ಗಂಟೆಗೊಂದು ಚಿಕ್ಕಿ ಚೂರು, ಮಲಗುವಾಗ ಸಕ್ಕರೆ ಹಾಲು... ಹೀಗಾದರೆ ಹಲ್ಲಿಗೆ ರಜೆಯೇ ಇಲ್ಲ. ಊಟದ ಜೊತೆಗೇ ಸಿಹಿ ಕೊಡಿ, ಬ್ರಷ್ ಆದ ಮೇಲೆ ನೀರು ಮಾತ್ರ. "ಬೆಲ್ಲ ಒಳ್ಳೇದಲ್ವಾ?" ಎಂದರು ಅಜ್ಜಿ. ಹಲ್ಲಿನ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ ಅಮ್ಮ. ಅವರಿಗೆ ಇದು ಇಷ್ಟವಾಗಲಿಲ್ಲ.

ತಮ್ಮನ ಬಗ್ಗೆಯೂ ಮೂರು ಮಾತು ಹೇಳಿದೆ. ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ. ಬಂದಿರುವ ಹಲ್ಲಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಹಾಕಿ ಉಜ್ಜಿ. ಒಂದು ವರ್ಷ ತುಂಬುವುದರೊಳಗೆ ದಂತವೈದ್ಯರಿಗೆ ತೋರಿಸಿ. ಏನೂ ತೊಂದರೆ ಇಲ್ಲದಾಗ ನೋಡಿದ ಡಾಕ್ಟರ್ ಮಗುವಿಗೆ ಬರೀ ಒಬ್ಬ ಮಾಮ ಅಥವಾ ಮಾವಶಿ.

"ಹೇಗೂ ಬೀಳುವ ಹಲ್ಲು, ಯಾಕೆ ಇಷ್ಟೆಲ್ಲ?" ಅಪ್ಪ ಕೇಳಿದ್ದು. ಎಲ್ಲರೂ ಕೇಳುತ್ತಾರೆ. ಹಾಲುಹಲ್ಲು ಇಪ್ಪತ್ತು. ಅದರಲ್ಲಿ ಹಿಂದಿನ ದವಡೆ ಹಲ್ಲುಗಳು ಹತ್ತು, ಹನ್ನೆರಡು ವರ್ಷದವರೆಗೆ ಇರುತ್ತವೆ. ಚಿನ್ನು ಅದೇ ಹಲ್ಲಿನಲ್ಲಿ ಇನ್ನೂ ಐದಾರು ವರ್ಷ ಅಗಿಯಬೇಕು. ಬೇಗ ಕಿತ್ತರೆ ಪಕ್ಕದವು ವಾಲಿ ಜಾಗ ಮುಚ್ಚುತ್ತವೆ, ಲೋಕಲ್‌ನಲ್ಲಿ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಕೂತ ಹಾಗೆ. ಇನ್ನೂ ಒಂದು ಇದೆ. ಆರು ವರ್ಷದ ಆಸುಪಾಸಿನಲ್ಲಿ ಯಾವ ಹಲ್ಲೂ ಬೀಳದೆ ಹಿಂದೆ ಹೊಸ ದವಡೆ ಹಲ್ಲು ಬರುತ್ತದೆ. ಅದು ಶಾಶ್ವತ ಹಲ್ಲು. ಹಾಲುಹಲ್ಲು ಅಂದುಕೊಂಡು ಎಷ್ಟೋ ಮನೆಯಲ್ಲಿ ಅದನ್ನು ಕೆಡಿಸಿಕೊಳ್ಳುತ್ತಾರೆ.

ಡಾಕ್ಟರನ್ನು ಬದಲಿಸಿದೆವು. ಬಿಡಿಎಸ್ ಆದ ಮೇಲೆ ಮಕ್ಕಳ ಹಲ್ಲಿಗೆಂದೇ ಮೂರು ವರ್ಷ ಎಂಡಿಎಸ್ ಓದಿದವರು ಇರುತ್ತಾರೆ. ಖರ್ಚಿನ ಚಿಂತೆ ಇದ್ದರೆ ಮುಂಬೈ ಸೆಂಟ್ರಲ್‌ನ ನಾಯರ್ ದಂತ ಕಾಲೇಜಿನಲ್ಲಿ ಮಕ್ಕಳ ವಿಭಾಗ ಇದೆ ಎಂದೆ. ಮಗುವನ್ನು ಹೊತ್ತು ಅಷ್ಟು ದೂರ ಆಗಲ್ಲ ಎಂದು ಅವರು ಠಾಣೆಯಲ್ಲಿ ಒಬ್ಬರನ್ನು ಹುಡುಕಿಕೊಂಡರು. ಅವರಿಗೆ ನಾನೇ ಮೊದಲು ಫೋನ್ ಮಾಡಿದೆ. ಒಂದೇ ಕೋರಿಕೆ: ದಯವಿಟ್ಟು ಕೀಡ್ ಎನ್ನಬೇಡಿ. ಅವರು ನಕ್ಕರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ನಾನು ದಿನಕ್ಕೆ ಇಪ್ಪತ್ತು ಸಲ ಅದನ್ನೇ ಹೇಳ್ತೇನೆ" ಎಂದರು.

ಮೊದಲ ಭೇಟಿ ಶನಿವಾರ ಬೆಳಗ್ಗೆ, ತಿಂಡಿ ಆದ ಮೇಲೆ. ಶಾಲೆ ಮುಗಿಸಿ ಸುಸ್ತಾದ ಮಗುವನ್ನು ಸಂಜೆ ಕರೆದೊಯ್ಯಬಾರದು. ಅವತ್ತು ಯಾವ ಚಿಕಿತ್ಸೆಯೂ ಇಲ್ಲ. ಕುರ್ಚಿ ಮೇಲೆ ಕೆಳಗೆ ಲಿಫ್ಟ್ ಥರ ಹೋಯಿತು. ಮಕ್ಕಳ ದಂತವೈದ್ಯರಲ್ಲಿ 'ಹೇಳು, ತೋರಿಸು, ಮಾಡು' ಎಂಬ ಹಳೆಯ ಕ್ರಮವಿದೆ. ಗಾಳಿ ಊದುವ ಕೊಳವೆಯನ್ನು ಮೊದಲು ಅಜ್ಜಿಯ ಅಂಗೈಗೆ, ಆಮೇಲೆ ಚಿನ್ನುವಿನ ಅಂಗೈಗೆ, ಕೊನೆಗೆ ಬಾಯಿಗೆ. ಪುಟ್ಟ ಕ್ಯಾಮೆರಾದಲ್ಲಿ ಹಲ್ಲನ್ನು ಪರದೆಯ ಮೇಲೆ ತೋರಿಸಿದರು. ಚಿನ್ನು ತುಂಬಾ ಹೊತ್ತು ಹುಡುಕಿದಳಂತೆ. "ಖಡ್ಡಾ ಆಹೇ," ಎಂದಳಂತೆ. ಹೊಂಡ ಇದೆ. ಅಷ್ಟೇ.

ಎಲ್ಲವೂ ಸಲೀಸಾಗಲಿಲ್ಲ. ಒಂದು ಹಲ್ಲಿಗೆ ತುಂಬಿಸಿದರೆ ಸಾಕಾಯಿತು. ಇನ್ನೊಂದರಲ್ಲಿ ಹೊಂಡ ನರದವರೆಗೆ ಹೋಗಿತ್ತು. ಆ ದಿನ ಸೂಜಿಯಾದ ಮೇಲೆ ಅವಳು ಕೈ ಎತ್ತಿದಳು, ಅತ್ತಳು, ಡಾಕ್ಟರ್ ನಿಲ್ಲಿಸಿ ಮನೆಗೆ ಕಳಿಸಿದರು. ತಾಯಿ ನನಗೆ ಫೋನ್ ಮಾಡಿ "ಎಲ್ಲ ಹಾಳಾಯ್ತು" ಎಂದರು. ನನಗೆ ಹಾಗೆ ಅನಿಸಲಿಲ್ಲ. ಕೈ ಎತ್ತಿದರೆ ನಿಲ್ಲಿಸುತ್ತೇವೆ ಎಂದ ಮಾತು ಉಳಿದಿತ್ತು. ಹತ್ತು ದಿನ ಬಿಟ್ಟು ಮತ್ತೆ ಹೋದಳು. ನರದ ಚಿಕಿತ್ಸೆ ಆಯಿತು, ಸ್ಟೀಲ್ ಟೋಪಿ ಕೂತಿತು. ಅದನ್ನು ಬಿಲ್ಡಿಂಗಿನ ಮಕ್ಕಳಿಗೆಲ್ಲ ಬಾಯಿ ತೆರೆದು ತೋರಿಸಿದ್ದಾಳೆ. ಶಾಲೆಯ ದಿನಗಳಲ್ಲಿ ಬೆಳಗ್ಗಿನ ಬ್ರಷ್ ಮಾತ್ರ ಈಗಲೂ ಅರ್ಧಂಬರ್ಧ.

ಆರು ತಿಂಗಳ ನಂತರ ಅಜ್ಜಿ, ಮೊಮ್ಮಗಳು ಇಬ್ಬರೇ ಬಂದರು. ಕುಂಕುಮದ ಡಬ್ಬಿಯಲ್ಲಿ ಚಿನ್ನುವಿನ ಮೊದಲು ಬಿದ್ದ ಹಲ್ಲು, ಕೆಳಗಿನ ಮುಂದಿನದು. ಅವಳು ಅದನ್ನು ತಿರುಗಿಸಿ ಅಡಿಭಾಗ ತೋರಿಸಿದಳು. ಬೇರು ಇರಲಿಲ್ಲ. ಅಲ್ಲೊಂದು ಪೊಳ್ಳು.

"ಇಲ್ಲಿ ಯಾರು ತಿಂದಿದ್ದು?" ಎಂದಳು. ಧ್ವನಿಯಲ್ಲಿ ಹಳೆಯ ಭಯ ಚೂರು ಇತ್ತು.

ಕೆಳಗಿನಿಂದ ಹೊಸ ಹಲ್ಲು ಬರುವಾಗ ಹಳೆಯದರ ಬೇರು ಕರಗಿಹೋಗುತ್ತದೆ, ಅದಕ್ಕೇ ಸುಲಭವಾಗಿ ಬಿತ್ತು ಎಂದೆ. ಅವಳು ನಾಲಿಗೆಯಿಂದ ಖಾಲಿ ಜಾಗ ಮುಟ್ಟಿ ನೋಡಿಕೊಂಡಳು. ಹೊಸದರ ತುದಿ ಅಲ್ಲಿ ಗರಗರ ಎನ್ನುತ್ತಿತ್ತು. ಡಬ್ಬಿ ಮುಚ್ಚಿದಳು.

ಅಜ್ಜಿಯ ಚಿಂತೆ ಬೇರೆ. ಊರಲ್ಲಾದರೆ ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯಬಹುದಿತ್ತು. ಇಲ್ಲಿ ನಾಲ್ಕನೇ ಮಹಡಿ, ಹೆಂಚೂ ಇಲ್ಲ, ಸಗಣಿಯೂ ಇಲ್ಲ. "ಎಂತ ಮಾಡೂದು ಮಾರಾಯ್ತಿ?" ಎಂದರು. ನನಗೂ ತೋಚಲಿಲ್ಲ. ಬಾಲ್ಕನಿಯ ತುಳಸಿ ಕುಂಡದಲ್ಲಿ ಹೂತರು ಎಂದು ಆಮೇಲೆ ತಿಳಿಯಿತು.