ಇಂಗ್ಲಿಷ್‌ನ 'ಗಿವ್ ಅಪ್', 'ಪುಟ್ ಆಫ್' ತರಹದ ಮಾತುಗಳಿಗೆ ಟರ್ಕಿಶ್‌ನಲ್ಲಿ ಏನಂತಾರೆ? ಪದಕ್ಕೆ ಪದ ಇಟ್ಟರೆ ಆಗುತ್ತದೆಯೇ?

ಆಗುವುದಿಲ್ಲ. ಇಂಗ್ಲಿಷ್ ಎರಡು ಮೂರು ಪದ ಸೇರಿಸಿ ಹೇಳುವುದನ್ನು ಟರ್ಕಿಶ್ ಸಾಮಾನ್ಯವಾಗಿ ಒಂದೇ ಕ್ರಿಯಾಪದದಲ್ಲಿ ಮುಗಿಸುತ್ತದೆ. ಗಿವ್ ಅಪ್ ಅಂದರೆ 'ವಾಝ್‌ಗೆಚ್ಮೆಕ್', ಪುಟ್ ಆಫ್ ಅಂದರೆ 'ಎರ್ತೆಲೆಮೆಕ್', ಲುಕ್ ಫಾರ್ ಅಂದರೆ 'ಆರಾಮಾಕ್'. ಪುಟ್ ಅಪ್ ವಿತ್‌ಗೆ 'ಕಾತ್ಲಾನ್ಮಾಕ್', ಅಂದರೆ ಸಹಿಸಿಕೊಳ್ಳುವುದು. ಇದೇ ಪದಕ್ಕೆ ಮಡಚಿಕೊಳ್ಳುವುದು ಅನ್ನೋ ಅರ್ಥವೂ ಇದೆ. ನನಗೆ ತುಂಬಾ ಇಷ್ಟವಾದ ಪದ ಇದು.

ಅರ್ಥ ಮಾತ್ರ ಬಾಯಿಪಾಠ ಮಾಡಬೇಡಿ, ವಿಭಕ್ತಿಯನ್ನೂ ಜೊತೆಗೇ ಕಲಿಯಿರಿ. ಜಾಸ್ತಿ ತಪ್ಪಾಗುವುದು ಅಲ್ಲೇ. ನಾವು 'ಆ ಯೋಚನೆಯನ್ನು ಬಿಟ್ಟೆ' ಅನ್ನುತ್ತೇವೆ. ಟರ್ಕಿಶ್‌ನಲ್ಲಿ ಅದು 'ಬು ಫಿಕಿರ್‌ದೆನ್ ವಾಝ್‌ಗೆಚ್ತಿಮ್'. ಇಲ್ಲಿ 'ದೆನ್' ಅಂದರೆ ನಮ್ಮ 'ಇಂದ'. ಕಾತ್ಲಾನ್ಮಾಕ್‌ಗೆ 'ಗೆ' ಅನ್ನುವಂಥ ಪ್ರತ್ಯಯ ಬೇಕು. ಕನ್ನಡದ ಹಾಗೆ ಟರ್ಕಿಶ್‌ನಲ್ಲೂ ಪ್ರತ್ಯಯ ಪದದ ಕೊನೆಗೆ ಅಂಟುತ್ತದೆ, ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಹಾಗಾಗಿ ಇದು ನಮಗೆ ಬೇಗ ಹತ್ತುತ್ತದೆ.

ನುಡಿಗಟ್ಟುಗಳಲ್ಲಿ ಚಿತ್ರವೇ ಬದಲಾಗುತ್ತದೆ. ಇಂಗ್ಲಿಷ್‌ನಲ್ಲಿ ನಾಯಿ ಬೆಕ್ಕು ಸುರಿದರೆ, ಟರ್ಕಿಶ್‌ನಲ್ಲಿ ಮಳೆ ಲೋಟದಿಂದ ಸುರಿದ ಹಾಗೆ ಬರುತ್ತದೆ. ಸುಲಭದ ಕೆಲಸ ಅಲ್ಲಿ ಕೇಕ್ ತುಂಡು, ಇಲ್ಲಿ 'ಚೊಜುಕ್ ಒಯುಂಜಾಇ', ಮಗುವಿನ ಆಟಿಕೆ. ವಿಪರೀತ ದುಬಾರಿಯಾದರೆ 'ಆತೆಶ್ ಪಹಾಸಿ', ಬೆಂಕಿಯ ಬೆಲೆ. ನಾವೂ 'ಬೆಲೆ ಮುಟ್ಟಿದರೆ ಕೈ ಸುಡುತ್ತೆ' ಅಂತೀವಿ ಅಲ್ವಾ? ಒಂದೇ ಕಲ್ಲಿಗೆ ಎರಡು ಹಕ್ಕಿ ಮಾತ್ರ ಮೂರೂ ಭಾಷೆಯಲ್ಲಿದೆ: 'ಬಿರ್ ತಾಶ್ಲಾ ಇಕಿ ಕುಶ್'.